ಭಟ್ಟರನ್ನು ಬದಲಿಸುವ ಖರ್ಚು: ಜೆಸ್3ರಿಂದ ಜೆಸ್2ಗೆ

ಮೇನ್‌ಫ್ರೇಮ್ ಎಂಬ ದೊಡ್ಡ ಕಂಪನಿಗಳ ಭಾರಿ ಕಂಪ್ಯೂಟರಿನ ಹೆಸರು ಎತ್ತಿದ ಕೂಡಲೇ ಮಾತು ಕೋಬಾಲ್ ಎಂಬ ಹಳೆಯ ಪ್ರೋಗ್ರಾಮಿಂಗ್ ಭಾಷೆಯ ಕಡೆ ಹೊರಳುತ್ತದೆ. ಬರೆದವರು ರಿಟೈರ್ ಆದರು, ಓದಬಲ್ಲವರು ಕಡಿಮೆಯಾದರು, ಜಾವಾಗೆ ಬದಲಿಸಬೇಕು, ಹೀಗೆ. ಆದರೆ ಈಚಿನ ವರ್ಷಗಳಲ್ಲಿ ಒಂದಷ್ಟು ದೊಡ್ಡ ಕಂಪನಿಗಳ ಮೇನ್‌ಫ್ರೇಮ್ ತಂಡಗಳ ನಿದ್ದೆ ಕೆಡಿಸಿದ್ದು ಕೋಬಾಲ್ ಅಲ್ಲ, ಜೆಸ್3 ಎಂಬ ಸಬ್‌ಸಿಸ್ಟಂ. ಹೊರಗಿನವರು ಅದರ ಹೆಸರನ್ನೇ ಕೇಳಿರುವುದಿಲ್ಲ. ಒಳಗಿನವರು ದಿನಾ ಬಳಸುತ್ತಾರೆ, ಆದರೆ ಅದರ ಬಗ್ಗೆ ಯೋಚಿಸಿರುವುದಿಲ್ಲ. ಮನೆಯ ಸಂಪಿನ ಮೋಟಾರ್ ಇದ್ದ ಹಾಗೆ. ನಲ್ಲಿಯಲ್ಲಿ ನೀರು ಬರುತ್ತಿರುವ ತನಕ ಅದು ಇದೆ ಅಂತಲೇ ನೆನಪಾಗುವುದಿಲ್ಲ, ಅಲ್ವಾ?

2019ರಲ್ಲಿ ಐಬಿಎಂ ಒಂದು ಪ್ರಕಟಣೆ ಹೊರಡಿಸಿತು. ತನ್ನ ಮೇನ್‌ಫ್ರೇಮ್‌ ಆಪರೇಟಿಂಗ್ ಸಿಸ್ಟಂ ಝಡ್‌ಓಎಸ್ 2.4ರ ಮುಂದಿನ ಆವೃತ್ತಿಯೇ ಜೆಸ್3 ಇರುವ ಕೊನೆಯ ಆವೃತ್ತಿ ಎಂದಿತು. ಆ ಕೊನೆಯ ಆವೃತ್ತಿ, ಅಂದರೆ 2.5, ಸೆಪ್ಟೆಂಬರ್ 2021ರಲ್ಲಿ ಬಂತು. ಎರಡು ವರ್ಷದ ನಂತರ ಬಂದ 3.1ರಲ್ಲಿ ಜೆಸ್3 ಇರಲಿಲ್ಲ. ಒಂದು ಆವೃತ್ತಿಗೆ ಸಾಮಾನ್ಯವಾಗಿ ಐದು ವರ್ಷ ಸಪೋರ್ಟ್ ಇರುತ್ತದೆ. ಆ ಲೆಕ್ಕದಲ್ಲಿ 2.5ರ ಗಡುವು ಸೆಪ್ಟೆಂಬರ್ 2026.

ನಾನು ಬೆಂಗಳೂರಿನಲ್ಲಿ ಕೂತು ಹೊರದೇಶದ ಕಂಪನಿಗಳ ರಾತ್ರಿ ಬ್ಯಾಚ್, ಅಂದರೆ ರಾತ್ರಿ ಸಾಲಾಗಿ ಓಡುವ ಕೆಲಸಗಳನ್ನು, ನೋಡಿಕೊಳ್ಳುವವನು. ಅವರ ರಾತ್ರಿ ನಮಗೆ ಹಗಲು. ಜೆಸ್3 ಬಿಟ್ಟು ಅದರ ಜೋಡಿ ಜೆಸ್2ಗೆ ಹೋಗುವ ಈ ಬದಲಾವಣೆಗೆ ಎಷ್ಟು ಖರ್ಚಾಗುತ್ತದೆ ಎಂದು ಮ್ಯಾನೇಜರುಗಳು ಕೇಳುವುದನ್ನು ತುಂಬ ಸಲ ಕೇಳಿದ್ದೇನೆ. ಉತ್ತರವಾಗಿ ಬರುವ ಎಕ್ಸೆಲ್ ಶೀಟುಗಳನ್ನೂ ನೋಡಿದ್ದೇನೆ. ಶೀಟಿನಲ್ಲಿ ದೊಡ್ಡದಾಗಿ ಕಾಣುವ ಖರ್ಚು ಆಮೇಲೆ ಚಿಕ್ಕದಾಗುತ್ತದೆ. ಶೀಟಿನಲ್ಲಿ ಸಾಲೇ ಇಲ್ಲದ ಖರ್ಚು ದೊಡ್ಡದಾಗುತ್ತದೆ. ಯಾಕೆ ಹೀಗೆ ಅನ್ನುವುದಕ್ಕೆ ಮೊದಲು ಈ ಜೆಸ್ ಏನು ಮಾಡುತ್ತದೆ ಅಂತ ನೋಡಬೇಕು.

ಇಬ್ಬರು ಭಟ್ಟರು

ಜೆಸ್ ಅಂದರೆ ಜಾಬ್ ಎಂಟ್ರಿ ಸಬ್‌ಸಿಸ್ಟಂ. ಸಂಬಳದ ಲೆಕ್ಕ, ಬಡ್ಡಿಯ ಲೆಕ್ಕ, ಸಾವಿರಾರು ಸ್ಟೇಟ್‌ಮೆಂಟುಗಳ ಪ್ರಿಂಟು, ಹೀಗೆ ರಾತ್ರಿ ಓಡುವ ಪ್ರತಿ ಕೆಲಸವೂ ಒಂದು ಜಾಬ್. ಜೆಸ್ ಆ ಜಾಬನ್ನು ಒಳಗೆ ತೆಗೆದುಕೊಳ್ಳುತ್ತದೆ, ಸ್ಪೂಲ್ ಎಂಬ ಡಿಸ್ಕ್ ಜಾಗದಲ್ಲಿ ಸಾಲಿಗೆ ಹಚ್ಚುತ್ತದೆ, ಸರದಿ ಬಂದಾಗ ಓಡಲು ಬಿಡುತ್ತದೆ, ಬಂದ ಔಟ್‌ಪುಟ್ ಎತ್ತಿಟ್ಟು ಪ್ರಿಂಟರಿಗೋ ಮತ್ತೊಂದು ಕಡೆಗೋ ಕಳಿಸುತ್ತದೆ. ಲೆಕ್ಕ ಮಾಡುವುದು ಅದರ ಕೆಲಸವಲ್ಲ. ಯಾರ ಲೆಕ್ಕ ಯಾವಾಗ, ಎಲ್ಲಿ ಆಗಬೇಕು ಎಂದು ನೋಡುವುದಷ್ಟೇ ಅದರ ಕೆಲಸ.

ಐಬಿಎಂ ಹತ್ತಿರ ಇಂಥವು ಎರಡು ಇದ್ದವು. ಎರಡೂ 1960ರ ದಶಕದ ಕೂಸುಗಳು. ಹ್ಯೂಸ್ಟನ್‌ನಲ್ಲಿ ನಾಸಾ ಕೆಲಸಕ್ಕೆಂದು ಐಬಿಎಂನವರು ಬರೆದ ಹ್ಯಾಸ್ಪ್ ಮುಂದೆ ಜೆಸ್2 ಆಯಿತು. ಅದರಲ್ಲಿನ ‘ಹ್ಯಾ’ ಅಂದರೆ ಹ್ಯೂಸ್ಟನ್ನೇ. ಇವತ್ತಿಗೂ ಜೆಸ್2 ಕೊಡುವ ಮೆಸೇಜುಗಳು ಡಾಲರ್ ಗುರುತು, ಹ್ಯಾಸ್ಪ್ ಅಂತಲೇ ಶುರುವಾಗುತ್ತವೆ. ಇನ್ನೊಂದು ಎಎಸ್‌ಪಿ. ಒಂದು ಮಷೀನು ಯಜಮಾನಿಕೆ ಮಾಡುತ್ತಾ ಉಳಿದವಕ್ಕೆ ಕೆಲಸ ಹಂಚುವ ವ್ಯವಸ್ಥೆ ಅದು. ಅದೇ ಮುಂದೆ ಜೆಸ್3 ಆಯಿತು.

ಮದುವೆ ಛತ್ರದ ಅಡುಗೆಮನೆ ನೆನಪಿಸಿಕೊಳ್ಳಿ. ಒಬ್ಬ ಭಟ್ಟರು ಇದ್ದಾರೆ. ಒಲೆ ಹಚ್ಚುವ ಮುಂಚೆ ಸಾಮಾನೆಲ್ಲ ಕಣ್ಣ ಮುಂದೆ ಇರಬೇಕು ಅವರಿಗೆ. ಬೇಳೆ, ಹುಣಸೆ, ಕೊಪ್ಪರಿಗೆ, ಸೌಟು. ಇಂಗು ಬಂದಿಲ್ಲವಾ? ಹಾಗಾದರೆ ಸಾರಿಗೆ ಒಲೆ ಇಲ್ಲ, ಆ ಒಲೆಯಲ್ಲಿ ಪಾಯಸ ಆಗಲಿ ಅನ್ನುತ್ತಾರೆ. ಇವರು ಜೆಸ್3. ಇನ್ನೊಬ್ಬರು ಸರದಿ ಬಂತಾ, ಒಲೆ ಹಚ್ಚು ಅನ್ನುವವರು. ಇಂಗು ಇಲ್ಲದಿದ್ದರೆ ಹುಡುಗನನ್ನು ಅಂಗಡಿಗೆ ಓಡಿಸುತ್ತಾರೆ. ಅವನು ಬರುವ ತನಕ ಒಲೆ ಸುಮ್ನೆ ಉರಿಯುತ್ತಿರುತ್ತದೆ. ಇವರು ಜೆಸ್2.

ಮೇನ್‌ಫ್ರೇಮ್ ಭಾಷೆಯಲ್ಲಿ ಒಲೆ ಅಂದರೆ ಇನಿಶಿಯೇಟರ್. ಜಾಬ್ ಓಡುವುದು ಅದರಲ್ಲಿ. ಒಂದು ಜಾಬಿಗೆ ಬೇಕಾದ ಫೈಲನ್ನು ಬೇರೆ ಜಾಬ್ ಹಿಡಿದುಕೊಂಡಿದ್ದರೆ ಜೆಸ್3 ಅದನ್ನು ಇನಿಶಿಯೇಟರ್‌ಗೇ ಬಿಡುವುದಿಲ್ಲ. ಟೇಪ್ ಡ್ರೈವ್ ಖಾಲಿ ಇಲ್ಲದಿದ್ದರೂ ಅಷ್ಟೇ. ಜೆಸ್2ರಲ್ಲಿ ಜಾಬ್ ಒಳಗೆ ಹೋಗಿ, ಇನಿಶಿಯೇಟರ್ ಹಿಡಿದು, ಫೈಲಿಗಾಗಿ ಕಾಯುತ್ತಾ ಕೂರುತ್ತದೆ. ಟೇಪ್ ಡ್ರೈವ್‌ಗಳು ತುಟ್ಟಿಯಾಗಿದ್ದ ಕಾಲದಲ್ಲಿ ಜೆಸ್3ರ ಈ ಶಿಸ್ತಿಗೆ ದೊಡ್ಡ ಬೆಲೆ ಇತ್ತು. ಈಗ ಬಹುತೇಕ ಕಡೆ ಟೇಪ್ ಅಂದರೆ ಡಿಸ್ಕಿನೊಳಗಿನ ನಕಲಿ ಟೇಪ್. ಎಷ್ಟು ಬೇಕಾದರೂ ಡ್ರೈವ್ ತೋರಿಸಬಹುದು. ಹಾಗಾಗಿ ಭಟ್ಟರ ಅತಿ ದೊಡ್ಡ ಕೈಗುಣ ಈಗ ಅಷ್ಟೊಂದು ಬೇಕಾಗಿಲ್ಲ. ನನ್ನನ್ನು ಕೇಳಿದರೆ ಐಬಿಎಂ ಎರಡರಲ್ಲಿ ಜೆಸ್2 ಅನ್ನು ಉಳಿಸಿಕೊಂಡದ್ದರಲ್ಲಿ ತಪ್ಪಿಲ್ಲ. ಬಹಳಷ್ಟು ಗ್ರಾಹಕರು ಮೊದಲಿಂದಲೂ ಜೆಸ್2ರಲ್ಲೇ ಇದ್ದರು.

ಇನ್ನೊಂದು ವ್ಯತ್ಯಾಸ. ಜೆಸ್3ರಲ್ಲಿ ಹಲವು ಮಷೀನುಗಳು ಸೇರಿದ್ದರೆ ಒಂದು ಮಾತ್ರ ಯಜಮಾನ, ಅದರ ಹೆಸರು ಗ್ಲೋಬಲ್. ಉಳಿದವು ಅದು ಹೇಳಿದ್ದನ್ನು ಮಾಡುವ ಲೋಕಲ್‌ಗಳು. ಜೆಸ್2ರಲ್ಲಿ ಯಜಮಾನ ಅಂತ ಯಾರೂ ಇಲ್ಲ. ಗೋಡೆಗೆ ಅಂಟಿಸಿದ ಒಂದೇ ಚೀಟಿಯನ್ನು ಎಲ್ಲ ಅಡುಗೆಯವರೂ ನೋಡಿ ತಮ್ಮ ತಮ್ಮ ಕೆಲಸ ಎತ್ತಿಕೊಳ್ಳುತ್ತಾರೆ. ಆ ಚೀಟಿಗೆ ಚೆಕ್‌ಪಾಯಿಂಟ್ ಅಂತ ಹೆಸರು.

ಸದ್ದಿಲ್ಲದ ಒಂದು ಸಾಲು

ಈಗ ಖರ್ಚಿಗೆ ಬರೋಣ. ಪ್ರೆಸೆಂಟೇಶನ್ನಿನ ಮೊದಲ ಸ್ಲೈಡಿನಲ್ಲಿ ಇರುವುದು ಉಳಿತಾಯ. ಜೆಸ್2 ಝಡ್‌ಓಎಸ್ ಜೊತೆಗೇ ಬರುತ್ತದೆ. ಜೆಸ್3ಗೆ ಬೇರೆ ದುಡ್ಡು ಕೊಡಬೇಕಿತ್ತು. ಅಂದರೆ ಬಿಟ್ಟರೆ ಲೈಸೆನ್ಸ್ ದುಡ್ಡು ಉಳಿಯುತ್ತದೆ. ಇದು ನಿಜವೇ. ಆದರೆ ಇಷ್ಟಕ್ಕೇ ಖುಷಿಪಟ್ಟವರನ್ನು ನೋಡಿದರೆ ಪಾಪ ಅನ್ನಿಸುತ್ತದೆ.

ಎರಡನೇ ಸ್ಲೈಡಿನಲ್ಲಿ ಜೆಸಿಎಲ್. ಜಾಬಿನ ಜೊತೆ ಬರುವ ಸೂಚನೆಗಳ ಭಾಷೆ ಅದು. ಜೆಸ್3ಗೆ ಮಾತ್ರ ಅರ್ಥವಾಗುವ ಸಾಲುಗಳು ಅದರಲ್ಲಿ ಇರುತ್ತವೆ. ಎರಡು ಓರೆಗೆರೆ, ಒಂದು ನಕ್ಷತ್ರ, ಅದಕ್ಕೆ ಅಂಟಿಕೊಂಡು ‘ಮೇನ್’ ಎಂಬ ಪದ: //*ಮೇನ್. ಈ ಜಾಬ್ ಇಂಥ ಮಷೀನಿನಲ್ಲೇ ಓಡಬೇಕು, ಇಷ್ಟು ಹೊತ್ತಿನೊಳಗೆ ಮುಗಿಯಬೇಕು, ಇಷ್ಟು ಸಾವಿರ ಸಾಲಿಗಿಂತ ಜಾಸ್ತಿ ಪ್ರಿಂಟ್ ಬಂದರೆ ನಿಲ್ಲಿಸಿ, ಇಂಥವನ್ನೆಲ್ಲ ಆ ಒಂದು ಸಾಲಿನಲ್ಲಿ ಹೇಳಬಹುದು.

ಇಲ್ಲಿ ಒಂದು ಮಜಾ ಇದೆ. ಸಾಮಾನ್ಯ ಜೆಸಿಎಲ್‌ನಲ್ಲಿ ಎರಡು ಓರೆಗೆರೆ, ನಕ್ಷತ್ರದಿಂದ ಶುರುವಾಗುವ ಸಾಲು ಅಂದರೆ ಕಾಮೆಂಟ್. ಓದುವವರಿಗಾಗಿ ಬರೆದ ಟಿಪ್ಪಣಿ. ಯಂತ್ರ ಅದನ್ನು ಬಿಟ್ಟು ಮುಂದೆ ಹೋಗುತ್ತದೆ. ಹಾಗಾಗಿ ಜೆಸ್3ರ ಜಾಬನ್ನು ಹಾಗೇ ಎತ್ತಿ ಜೆಸ್2ಗೆ ಕೊಟ್ಟರೆ ಎರರ್ ಬರುವುದಿಲ್ಲ. ಜಾಬ್ ಓಡುತ್ತದೆ, ಎಲ್ಲ ಸರಿ ಅನ್ನುವ ಸೊನ್ನೆ ರಿಟರ್ನ್ ಕೋಡ್ ಕೊಟ್ಟು ಮುಗಿಯುತ್ತದೆ. ಆ ಸಾಲನ್ನು ಮಾತ್ರ ಯಾರೂ ಓದಿರುವುದಿಲ್ಲ. ಎರರ್ ಬಂದಿದ್ದರೆ ಎಷ್ಟೋ ಚೆನ್ನಾಗಿತ್ತು. ಈಚಿನ ಜೆಸ್2 ಆವೃತ್ತಿಗಳಿಗೆ ಐಬಿಎಂ ಜೆಸ್3ರ ಎಷ್ಟೋ ಸಾಲುಗಳನ್ನು ಅರ್ಥಮಾಡಿಕೊಳ್ಳುವುದನ್ನು ಕಲಿಸಿದೆ. ಆದರೆ ಆ ಸೆಟಿಂಗ್ ನೀವೇ ಆನ್ ಮಾಡಬೇಕು, ಮತ್ತು ಎಲ್ಲ ಪದವೂ ಅದಕ್ಕೆ ತಿಳಿಯುವುದಿಲ್ಲ.

ನಮ್ಮ ಒಂದು ಪ್ರಾಜೆಕ್ಟಿನಲ್ಲಿ ಆದದ್ದು ಹೇಳುತ್ತೇನೆ. ಗ್ರಾಹಕರ ಹೆಸರು ಬೇಡ. ಒಂದು ಸಾಲದ ಲೆಕ್ಕದ ಜಾಬ್ ಇತ್ತು. ಅದರ ಮೇನ್ ಸಾಲಿನಲ್ಲಿ ಇಂಥ ಸಿಸ್ಟಂನಲ್ಲೇ ಓಡಬೇಕು ಎಂದು ಬರೆದಿತ್ತು, ಯಾಕೆಂದರೆ ಅದಕ್ಕೆ ಬೇಕಾದ ಡೇಟಾಬೇಸ್ ಇದ್ದದ್ದು ಅಲ್ಲಿ ಮಾತ್ರ. ಜೆಸ್2ಗೆ ಅದನ್ನು ಸಿಸ್‌ಆಫ್ ಎಂಬ ಬೇರೆ ಪದದಿಂದ ಹೇಳಬೇಕು. ಹಳೆಯ ಸಾಲುಗಳನ್ನು ತಾನಾಗೇ ಬದಲಿಸಲು ಬರೆದ ನಮ್ಮ ಸ್ಕ್ರಿಪ್ಟ್ ಸಾವಿರಾರು ಜಾಬುಗಳನ್ನು ಸರಿಯಾಗಿ ಬದಲಿಸಿತ್ತು. ಈ ಜಾಬಿನಲ್ಲಿ ಆ ಸಾಲು ಎರಡನೇ ಸಾಲಿಗೆ ಮುಂದುವರಿದಿತ್ತು, ಸ್ಕ್ರಿಪ್ಟ್ ಅದನ್ನು ಬಿಟ್ಟುಬಿಟ್ಟಿತು. ಟೆಸ್ಟ್ ಮಾಡಿದೆವಾ? ಮಾಡಿದೆವು. ಮೂರು ಸಲ ಓಡಿಸಿದೆವು, ಮೂರು ಸಲವೂ ಪಾಸ್. ಯಾಕೆಂದರೆ ಖರ್ಚು ಉಳಿಸಲು ನಮ್ಮ ಟೆಸ್ಟ್ ಜಾಗದಲ್ಲಿ ಇದ್ದದ್ದು ಒಂದೇ ಸಿಸ್ಟಂ. ಎಲ್ಲಿ ಓಡಿದರೂ ಅಲ್ಲೇ ಓಡಬೇಕು. ನಿಜವಾದ ಜಾಗದಲ್ಲಿ ನಾಲ್ಕು ಸಿಸ್ಟಂ ಇದ್ದವು. ಮೊದಲ ಎರಡು ರಾತ್ರಿ ಅದೃಷ್ಟಕ್ಕೆ ಸರಿಯಾದ ಕಡೆಗೇ ಹೋಯಿತು. ಮೂರನೇ ರಾತ್ರಿ ಬೇರೆ ಕಡೆ ಹೋಗಿ, ಡೇಟಾಬೇಸ್ ಸಿಗದೆ ಬಿತ್ತು. ನಮಗಿಲ್ಲಿ ಮಧ್ಯಾಹ್ನ ಊಟದ ಹೊತ್ತು. ಅದರ ಹಿಂದೆ ಕಾಯುತ್ತಿದ್ದ ಜಾಬುಗಳೆಲ್ಲ ನಿಂತವು. ಒಂದು ಸಾಲು ಹುಡುಕಲು ಐದು ಗಂಟೆ ಬೇಕಾಯಿತು. ಕಾಮೆಂಟ್ ಥರ ಕಾಣುವ ಸಾಲನ್ನು ಯಾರು ಓದುತ್ತಾರೆ ಹೇಳಿ?

ಲೆಕ್ಕ ಹಾಕಿ ನೋಡಿದರೆ

ಒಂದು ಉದಾಹರಣೆಯ ಲೆಕ್ಕ ಮಾಡೋಣ. ಅಂಕಿಗಳು ನಾನೇ ಇಟ್ಟುಕೊಂಡವು, ಸುಲಭವಾಗಲಿ ಅಂತ. ಲೈಬ್ರರಿಯಲ್ಲಿ 20,000 ಜೆಸಿಎಲ್ ಇವೆ. ಅದರಲ್ಲಿ 4,000ದಲ್ಲಿ ಜೆಸ್3ರ ಸಾಲು ಇದೆ. ಸ್ಕ್ರಿಪ್ಟ್ ಬರೆದು ಹತ್ತರಲ್ಲಿ ಒಂಬತ್ತನ್ನು ಬದಲಿಸಬಹುದು. ಉಳಿದ 400ನ್ನು ಮನುಷ್ಯರೇ ಕೂತು ನೋಡಬೇಕು. ಒಂದಕ್ಕೆ ಅರ್ಧ ದಿನ ಅಂದರೆ 200 ದಿನ. ಮೂರು ಜನ ಇದ್ದರೆ ಸುಮಾರು ಮೂರೂವರೆ ತಿಂಗಳು. ಅಯ್ಯೋ ಇಷ್ಟೇನಾ ಅನ್ನಿಸುತ್ತದೆ. ಎಕ್ಸೆಲ್ ಶೀಟಿನಲ್ಲಿ ಇರುವುದೂ ಈ ಅಂಕಿಯೇ.

ಶೀಟಿನಲ್ಲಿ ಇಲ್ಲದ್ದು ಕ್ಯಾಲೆಂಡರ್. ತಿಂಗಳ ಕೊನೆಯ ಜಾಬ್ ತಿಂಗಳಿಗೆ ಒಂದು ಸಲ ಓಡುತ್ತದೆ. ಮೂರು ತಿಂಗಳ ಲೆಕ್ಕದ್ದು ವರ್ಷಕ್ಕೆ ನಾಲ್ಕು ಸಲ. ವರ್ಷದ ಕೊನೆಯದು ಒಂದೇ ಸಲ. ಅದರಲ್ಲಿ ಯಾರ ಕಣ್ಣಿಗೂ ಬೀಳದ, ಹದಿನೈದು ವರ್ಷ ಯಾರೂ ಮುಟ್ಟದ ಜಾಬುಗಳು ಇರುತ್ತವೆ. ಇವನ್ನೆಲ್ಲ ಹಳೆಯದರ ಪಕ್ಕ ಹೊಸದನ್ನು ಓಡಿಸಿ ಹೋಲಿಸಬೇಕು ಅಂದರೆ ವರ್ಷ ಬೇಕು. ಅಥವಾ ತಾರೀಕು ಸುಳ್ಳು ಹೇಳಿ ಓಡಿಸಬೇಕು. ಅದಕ್ಕೆ ಬೇರೆ ಸಿಸ್ಟಂ, ಬೇರೆ ಡಿಸ್ಕ್, ಬೇರೆ ಲೈಸೆನ್ಸ್ ದುಡ್ಡು. ಮೇಲಿಂದ ಅಮೆರಿಕದ ಕಂಪನಿಗಳು ನವೆಂಬರ್ ಕೊನೆಯಿಂದ ಜನವರಿ ಶುರುವಿನ ತನಕ ಬದಲಾವಣೆಗೆ ಬೀಗ ಹಾಕುವುದು ರೂಢಿ. ಮೂರೂವರೆ ತಿಂಗಳ ಕೆಲಸ ಹದಿನೆಂಟು ತಿಂಗಳಾಗುವುದು ಹೀಗೆ. ಜನ ನಿಧಾನವಾದ್ದರಿಂದ ಅಲ್ಲ, ಡಿಸೆಂಬರ್ ವರ್ಷಕ್ಕೆ ಒಂದೇ ಇರುವುದರಿಂದ.

ಜೆಸಿಎಲ್‌ನ ಆಚೆ ಇನ್ನೂ ಇದೆ. ಜೆಸ್3ರ ನಡವಳಿಕೆಯನ್ನು ತಮಗೆ ಬೇಕಾದಂತೆ ತಿದ್ದಲು ಪ್ರತಿ ಕಂಪನಿಯೂ ಎಕ್ಸಿಟ್ ಎಂಬ ಚಿಕ್ಕ ಪ್ರೋಗ್ರಾಮುಗಳನ್ನು ಅಸೆಂಬ್ಲರಿನಲ್ಲಿ ಬರೆದುಕೊಂಡಿರುತ್ತದೆ. ಜೆಸ್2ಗೂ ಎಕ್ಸಿಟ್ ಇವೆ, ಆದರೆ ಒಂದು ಕಾಲಿನ ಚಪ್ಪಲಿ ಇನ್ನೊಂದಕ್ಕೆ ಆಗುವುದಿಲ್ಲ. ಹೊಸದಾಗಿ ಬರೆಯಬೇಕು. ಅದಕ್ಕೂ ಮೊದಲು, ಇದು ಯಾಕೆ ಬರೆದದ್ದು ಅಂತ ಪತ್ತೆ ಮಾಡಬೇಕು. ಒಮ್ಮೆ ಒಂದು ಎಕ್ಸಿಟ್ ಏನು ಮಾಡುತ್ತಿದೆ ಅಂತ ವಾರಗಟ್ಟಲೆ ಓದಿದೆವು. ಕೊನೆಗೆ ಗೊತ್ತಾಯಿತು, ಎಂದೋ ಮುಚ್ಚಿದ ಒಂದು ಬ್ರಾಂಚಿನ ಪ್ರಿಂಟರಿಗೆ ಕಾಗದ ಕಳಿಸುತ್ತಿತ್ತು ಅದು.

ಆಮೇಲೆ ಬಿಲ್ಲಿಂಗ್. ಯಾವ ಇಲಾಖೆ ಮೇನ್‌ಫ್ರೇಮನ್ನು ಎಷ್ಟು ಬಳಸಿತು ಅಂತ ಒಳಗಿನ ಬಿಲ್ ಹಾಕುವ ಕಂಪನಿಗಳು ಎಸ್‌ಎಂಎಫ್ ಎಂಬ ಬಳಕೆಯ ದಾಖಲೆಗಳನ್ನು ಓದುತ್ತವೆ. ಜಾಬ್ ಮುಗಿದು ಹೊರಹೋಗುವಾಗ ಬರೆಯುವ 26ನೇ ನಮೂನೆಯ ದಾಖಲೆ ಜೆಸ್2ರಲ್ಲಿ ಒಂದು ರೀತಿ, ಜೆಸ್3ರಲ್ಲಿ ಇನ್ನೊಂದು ರೀತಿ. ಅದನ್ನು ಓದುವ ಪ್ರೋಗ್ರಾಮನ್ನು ಯಾರೂ ಪಟ್ಟಿಗೆ ಸೇರಿಸಿರುವುದಿಲ್ಲ, ಯಾಕೆಂದರೆ ಅದು ಸಿಸ್ಟಂ ತಂಡದ್ದಲ್ಲ, ಅಕೌಂಟ್ಸ್‌ನವರದ್ದು. ಬದಲಾವಣೆ ಆಗಿ ಒಂದು ತಿಂಗಳ ಮೇಲೆ ಒಂದು ಇಲಾಖೆಗೆ ಸೊನ್ನೆ ಬಿಲ್ ಬಂದಾಗ ಎಲ್ಲರಿಗೂ ನೆನಪಾಗುತ್ತದೆ. ಸೊನ್ನೆ ಬಿಲ್ ಬಂದವರು ದೂರು ಕೊಡುವುದಿಲ್ಲ ಅನ್ನುವುದು ಬೇರೆ ಮಾತು.

ಕಡೆಗೆ ಬೆರಳುಗಳು. ಜೆಸ್3ರ ಕಮಾಂಡುಗಳು ನಕ್ಷತ್ರದಿಂದ ಶುರು, ಜೆಸ್2ರವು ಡಾಲರ್‌ನಿಂದ. ಇಪ್ಪತ್ತು ವರ್ಷ ಒಂದನ್ನೇ ಒತ್ತಿದ ಆಪರೇಟರ್ ಬೆಳಗಿನ ಜಾವ ಮೂರಕ್ಕೆ ಯಾವುದನ್ನು ಒತ್ತುತ್ತಾನೆ? ಮೆಸೇಜ್ ನೋಡಿ ತಾನಾಗೇ ಕ್ರಮ ತೆಗೆದುಕೊಳ್ಳುವ ಆಟೊಮೇಶನ್ ನಿಯಮಗಳಿಗೂ ಇದೇ ಕಥೆ. ಜೆಸ್3ರ ಮೆಸೇಜುಗಳು ಐಎಟಿ ಎಂದು ಶುರುವಾಗುತ್ತಿದ್ದವು. ಆ ಅಕ್ಷರಗಳಿಗಾಗಿ ಕಾಯುವ ನಿಯಮ ಇನ್ನು ಮುಂದೆ ಕಾಯುತ್ತಲೇ ಇರುತ್ತದೆ.

ಹಾಗಾದರೆ ಇದ್ದಲ್ಲೇ ಇದ್ದರೆ?

ಅದಕ್ಕೂ ದಾರಿ ಇದೆ. ಕ್ಯಾಲಿಫೋರ್ನಿಯಾದ ಫೀನಿಕ್ಸ್ ಸಾಫ್ಟ್‌ವೇರ್ ಇಂಟರ್‌ನ್ಯಾಶನಲ್ ಎಂಬ ಕಂಪನಿ ಐಬಿಎಂನಿಂದ ಜೆಸ್3ರ ಮೂಲ ಕೋಡಿಗೆ ಲೈಸೆನ್ಸ್ ಪಡೆದು ಜೆಸ್3ಪ್ಲಸ್ ಎಂದು ಮಾರುತ್ತಿದೆ. ಜೆಸ್3 ಲೋಕದಲ್ಲಿ ಇವರು ಹೊಸಬರಲ್ಲ, ಅದಕ್ಕೆ ಬೇಕಾದ ಉಪಕರಣಗಳನ್ನು ವರ್ಷಗಳಿಂದ ಮಾಡುತ್ತಾ ಬಂದವರು. ಭಟ್ಟರು ಅವರೇ, ಈಗ ಸಂಬಳ ಕೊಡುವವರು ಬೇರೆ, ಅಷ್ಟೇ. ಜೆಸಿಎಲ್ ಮುಟ್ಟಬೇಕಾಗಿಲ್ಲ, ಆಪರೇಟರ್ ಬೆರಳು ತಪ್ಪುವುದಿಲ್ಲ.

ಇದನ್ನು ಸೋಮಾರಿಗಳ ದಾರಿ ಅಂತ ಕೆಲವರು ಮೂಗು ಮುರಿಯುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಇನ್ನು ಐದು ವರ್ಷದಲ್ಲಿ ಮೇನ್‌ಫ್ರೇಮನ್ನೇ ಬಿಡುತ್ತೇವೆ ಅಂತ ಗಟ್ಟಿಯಾಗಿ ತೀರ್ಮಾನಿಸಿದ ಕಂಪನಿ ಈಗ ಜೆಸ್2ಗೆ ಹೋಗುವುದು ಅಂದರೆ, ಬೀಳಿಸಲಿರುವ ಮನೆಗೆ ಸುಣ್ಣ ಬಳಿದ ಹಾಗೆ. ಆದರೆ ಇದ್ದಲ್ಲೇ ಇರುವ ಖರ್ಚನ್ನೂ ಪ್ರಾಮಾಣಿಕವಾಗಿ ಬರೆಯಬೇಕು. ವರ್ಷ ವರ್ಷದ ಲೈಸೆನ್ಸ್ ಇದೆ. ಬೇರೆ ಕಂಪನಿಗಳ ಉಪಕರಣಗಳು ಒಂದೊಂದಾಗಿ ಜೆಸ್3 ಸಪೋರ್ಟ್ ಬಿಡುತ್ತಾ ಹೋಗಬಹುದು. ಜನದ ಪ್ರಶ್ನೆ ಎಲ್ಲಕ್ಕಿಂತ ದೊಡ್ಡದು. ಬೆಂಗಳೂರಿನಲ್ಲಿ ಜೆಸ್2 ಗೊತ್ತಿರುವವರನ್ನು ಹುಡುಕಿದರೆ ಸಿಗುತ್ತಾರೆ. ಜೆಸ್3ರ ಒಳಗನ್ನು ಬಲ್ಲವರು ಅಂದರೆ ಒಂದಿಬ್ಬರ ಫೋನ್ ನಂಬರು ಎಲ್ಲರ ಹತ್ತಿರವೂ ಇರುತ್ತದೆ, ಮತ್ತು ಅವರು ಊರಿಗೆ ಹೋಗಿ ತೋಟ ನೋಡಿಕೊಳ್ಳುವ ಮಾತಾಡುತ್ತಿರುತ್ತಾರೆ.

ಪೂರ್ತಿ ಬಿಟ್ಟು ಹೊಸ ವ್ಯವಸ್ಥೆಗೆ ಹಾರುವವರು ಮಾತ್ರ ಬ್ರಿಟನ್ನಿನ ಟಿಎಸ್‌ಬಿ ಬ್ಯಾಂಕಿನ ಕಥೆಯನ್ನು ಒಮ್ಮೆ ಓದಬೇಕು. ಅದು ಜೆಸ್ ಕಥೆಯಲ್ಲ, ಇಡೀ ಬ್ಯಾಂಕಿನ ವ್ಯವಸ್ಥೆ ಬದಲಾದ ಕಥೆ. ಏಪ್ರಿಲ್ 2018ರ ಒಂದು ವಾರಾಂತ್ಯದಲ್ಲಿ 52 ಲಕ್ಷ ಗ್ರಾಹಕರನ್ನು, ಹಳೆಯ ಒಡೆಯ ಲಾಯ್ಡ್ಸ್ ಬ್ಯಾಂಕಿನ ವ್ಯವಸ್ಥೆಯಿಂದ ಆಗಿನ ಹೊಸ ಒಡೆಯ, ಸ್ಪೇನಿನ ಸಬಾಡೆಲ್ ಬ್ಯಾಂಕ್ ಕಟ್ಟಿದ ವ್ಯವಸ್ಥೆಗೆ ಸಾಗಿಸಿದರು. ಡೇಟಾ ಸರಿಯಾಗೇ ಹೋಯಿತು. ಆದರೆ ಜನ ತಮ್ಮದೇ ಖಾತೆಗೆ ಲಾಗಿನ್ ಆಗಲಾರದೆ ವಾರಗಟ್ಟಲೆ ಒದ್ದಾಡಿದರು. ಆ ವರ್ಷ ಬ್ಯಾಂಕ್ ತೋರಿಸಿದ ಹೆಚ್ಚುವರಿ ಖರ್ಚು 33 ಕೋಟಿ ಪೌಂಡ್. 80,000 ಗ್ರಾಹಕರು ಬೇರೆ ಬ್ಯಾಂಕಿಗೆ ಹೋದರು, ಮುಖ್ಯಸ್ಥ ಪಾಲ್ ಪೆಸ್ಟರ್ ಕುರ್ಚಿ ಬಿಟ್ಟರು. 2022ರಲ್ಲಿ ನಿಯಂತ್ರಕರು ಹಾಕಿದ ದಂಡ 4.865 ಕೋಟಿ ಪೌಂಡ್. ಆಮೇಲೆ ನಡೆದ ತನಿಖೆಯಲ್ಲಿ ಹೊರಬಂದ ಒಂದು ಸಂಗತಿ ನನಗೆ ಮರೆಯುವುದಿಲ್ಲ. ಎರಡು ಡೇಟಾ ಸೆಂಟರ್ ಇದ್ದವು. ಎಷ್ಟು ಭಾರ ತಡೆಯುತ್ತದೆ ಅನ್ನುವ ಟೆಸ್ಟನ್ನು ಒಂದರಲ್ಲಿ ಮಾತ್ರ ಮಾಡಿದ್ದರು. ನಮ್ಮ ಸಾಲದ ಜಾಬಿಗೂ ಅವರ ಬ್ಯಾಂಕಿಗೂ ಗಾತ್ರದಲ್ಲಿ ಆನೆ ಆಡಿನ ಅಂತರ, ಕಾಯಿಲೆ ಒಂದೇ.

ಯಾರಾದರೂ ಎಸ್ಟಿಮೇಟ್ ಕೇಳಿದರೆ ನಾನು ಮೊದಲು ಮಾಡುವುದು ಲೈಬ್ರರಿಯಲ್ಲಿ //*ಮೇನ್ ಹುಡುಕಿ ಎಣಿಸುವುದು. ಅರ್ಧ ದಿನದ ಕೆಲಸ. ಬರೀ ಎಷ್ಟು ಅಂತಲ್ಲ, ಆ ಸಾಲಿನಲ್ಲಿ ಯಾವ ಯಾವ ಪದ ಬಳಸಿದ್ದಾರೆ ಅಂತ ಬೇರೆ ಬೇರೆ ಎಣಿಸಬೇಕು. ಎಲ್ಲ ಕಡೆ ಬರೀ ಕ್ಲಾಸ್, ಅಂದರೆ ಜಾಬಿನ ಗುಂಪಿನ ಹೆಸರಷ್ಟೇ ಇದ್ದರೆ ನೆಮ್ಮದಿ. ಗಡುವು, ಸಿಸ್ಟಂ ಹೆಸರು, ಒಂದು ಜಾಬ್ ಮುಗಿದ ಮೇಲೆ ಇನ್ನೊಂದನ್ನು ಬಿಡುವ //*ನೆಟ್ ಸಾಲುಗಳು ಬಂದರೆ ಎಸ್ಟಿಮೇಟ್ ಎರಡು ಪಟ್ಟು.

ಆ ಎಣಿಕೆಯೂ ಪೂರ್ತಿ ಅಲ್ಲ. ಕೆಲವು ಕೋಬಾಲ್ ಪ್ರೋಗ್ರಾಮುಗಳು ತಾವೇ ಜೆಸಿಎಲ್ ಬರೆದು, ಇಂಟರ್ನಲ್ ರೀಡರ್ ಎಂಬ ಒಳಬಾಗಿಲಿನಿಂದ ಜೆಸ್‌ಗೆ ಕೊಡುತ್ತವೆ. ಆ ಜೆಸಿಎಲ್ ಸಾಲುಗಳು ಯಾವ ಲೈಬ್ರರಿಯಲ್ಲೂ ಸಿಗುವುದಿಲ್ಲ, ಓಡುವಾಗ ಹುಟ್ಟಿ ಆಮೇಲೆ ಇಲ್ಲವಾಗುತ್ತವೆ. ಅವನ್ನು ಹಿಡಿಯಬೇಕಾದರೆ ಜೆಸ್3ರಲ್ಲೇ ಒಂದು ಎಕ್ಸಿಟ್ ಬರೆದು, ಒಳಗೆ ಬರುವ ಪ್ರತಿ //*ಮೇನ್ ಸಾಲನ್ನೂ ಒಂದು ಫೈಲಿಗೆ ಬರೆಸುತ್ತಾ, ಕನಿಷ್ಠ ಒಂದು ತಿಂಗಳ ಕೊನೆ ದಾಟುವ ತನಕ ಕಾಯಬೇಕು. ಡಿಸೆಂಬರ್ ಕೂಡ ದಾಟಿಸಿದರೆ ಇನ್ನೂ ಒಳ್ಳೆಯದು.